ಮರಗಳನ್ನು ಬಿಟ್ಟು ಕಟ್ಟಿದ ಬೆಲೆ

ಬ್ಯಾಂಕಿನ ಸಾಲ ವಸೂಲಿ ಅಧಿಕಾರಿಯ ಎದುರು ಹಸಿರು ರೆಕ್ಸಿನ್ನಿನ ಕುರ್ಚಿಯಲ್ಲಿ ಕೂತು ಮಾತಾಡಿದೆ ಎಂದು ನನಗೆ ಚೆನ್ನಾಗಿ ನೆನಪಿದೆ. ಆದರೆ ಆ ದಿನದ ಡೈರಿಯಲ್ಲಿ ‘ಕುರ್ಚಿ ಇರಲಿಲ್ಲ, ಮುಕ್ಕಾಲು ಗಂಟೆ ನಿಂತೇ ಇದ್ದೆ, ಕಾಲು ನೋವು’ ಎಂದು ನನ್ನದೇ ಅಕ್ಷರದಲ್ಲಿದೆ. ಹಾಗಾಗಿ ಮುಂದೆ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಯಾರು ಯಾವ ಮಾತನ್ನು ಮೊದಲು ಆಡಿದರು, ಯಾವ ವಾರ ಯಾವ ಕಾಗದ ಬಂತು ಎಂಬಲ್ಲಿ ಡೈರಿಯನ್ನು ನಂಬಿದ್ದೇನೆ. ಡೈರಿ ಸುಮ್ಮನಿರುವಲ್ಲಿ ಮಾತ್ರ ನನ್ನನ್ನು.

ಗೋಣಿಕೊಪ್ಪಲಿನಿಂದ ಕುಟ್ಟದ ಕಡೆ ಹೋಗುವ ರಸ್ತೆಯಲ್ಲಿ, ಬಸ್ಸಿನಲ್ಲಿ ಹತ್ತು ನಿಮಿಷದ ದೂರದಲ್ಲಿ, ಎಂಟು ಕೋಣೆಗಳ ಒಂದು ಹೋಂಸ್ಟೇ ಇತ್ತು. ಸುತ್ತ ಎರಡು ಎಕರೆ ಕಾಫಿ. ಅದರ ಮೇಲಿನ ಸಾಲ ಆ ಆಸ್ತಿಯ ಬೆಲೆಯನ್ನೇ ದಾಟಿ ಹೋಗಿತ್ತು. ನಾನು ಅದನ್ನು ಸಾಲಕ್ಕಿಂತ ಕಡಿಮೆ ಮೊತ್ತಕ್ಕೆ, ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ಕೊಂಡೆ. ಕೊಟ್ಟ ಹಣದಲ್ಲಿ ಕೈಯಿಂದ ಹಾಕಿದ್ದು ಕಾಲು ಭಾಗವೂ ಇಲ್ಲ. ಆಗ ನಾನು ಬೇರೆಯವರ ಆಸ್ತಿ ಕಾಗದಗಳನ್ನು ಓದಿ, ಸರಿ ತಪ್ಪು ಹೇಳುವ ಕೆಲಸ ಮಾಡುತ್ತಿದ್ದೆ. ಸ್ವಂತಕ್ಕೆ ಒಂದು ಸೆಂಟು ಜಾಗ ಕೊಂಡವಳಲ್ಲ.

ಹೊಸದಾಗಿ ಈ ವ್ಯವಹಾರಕ್ಕೆ ಇಳಿಯುವವರು ಈಗ ನನ್ನ ಹತ್ತಿರ ಬಂದು, “ದುಡ್ಡಿಲ್ಲದೆ ಹೇಗೆ ಕೊಂಡ್ರಿ?” ಎಂದು ಕೇಳುತ್ತಾರೆ. ದುಡ್ಡಿನ ಕತೆ ಆಮೇಲಿನದು. ಮೊದಲು ಒಂದು ಪದದ ಕತೆ ಹೇಳಬೇಕು.

ಹೋಂಸ್ಟೇಯ ಮಾಲೀಕರು ಐವತ್ತು ದಾಟಿದವರು, ಮನೆಯಲ್ಲಿ ಅರೆಭಾಷೆ ಮಾತಾಡುವ ಹಳೆಯ ಮನೆತನದವರು. ಪ್ರವಾಸಿಗರು ಬರುತ್ತಾರೆಂದು ಸಾಲ ಮಾಡಿ ಕಟ್ಟಿಸಿದರು. ಬಂದವರು ಮಡಿಕೇರಿಯ ಸುತ್ತಲೇ ಉಳಿದರು. ಕಂತು ನಿಂತಿತು, ಬ್ಯಾಂಕು ಬಾಗಿಲಿಗೆ ನೋಟಿಸು ಅಂಟಿಸಿತು. ಎರಡು ಸಲ ಹರಾಜು ಕರೆದರು, ಒಬ್ಬರೂ ಕೂಗಲಿಲ್ಲ. ಮೂರನೆಯದರಲ್ಲಿ ಯಾರಾದರೂ ಸಿಕ್ಕ ಬೆಲೆಗೆ ಎತ್ತಿಕೊಂಡು ಹೋದರೆ ಮನೆಯೂ ಹೋಗುತ್ತದೆ, ಉಳಿದ ಸಾಲವೂ ತಲೆಯ ಮೇಲೆ ಇರುತ್ತದೆ. ಅದೇ ಅವರ ಹೆದರಿಕೆ.

“ನೀವೇ ತಗೊಳ್ಳಿ ಮೇಡಂ,” ಎಂದರು ಒಂದು ದಿನ, ಬೇರೆ ಯಾವುದೋ ಕಾಗದ ತೋರಿಸಲು ಬಂದವರು. “ನಂಗೆ ಒಂದು ಪೈಸೆ ಬೇಡ. ಬ್ಯಾಂಕಿನವರು ಮುಗೀತು ಅಂತ ಬರೆದುಕೊಟ್ರೆ ಸಾಕು.”

ನಾನು ನಕ್ಕಿರಬೇಕು. ಆಮೇಲೆ ಮೂರು ದಿನ ಅದನ್ನೇ ಯೋಚಿಸಿದೆ ಎಂದು ಡೈರಿ ಹೇಳುತ್ತದೆ.

ಸಾಲಗಾರನಿಂದ ಪೂರ್ತಿ ಬಾಕಿ ಬರುವುದಿಲ್ಲ ಎಂದು ಬ್ಯಾಂಕಿಗೆ ಮನವರಿಕೆಯಾದರೆ, ಕಡಿಮೆ ಮೊತ್ತವನ್ನು ಒಮ್ಮೆಗೇ ಕಟ್ಟಿಸಿಕೊಂಡು ಖಾತೆ ಮುಚ್ಚುವ ಪದ್ಧತಿಯಿದೆ. ಒಟಿಎಸ್ ಎನ್ನುತ್ತಾರೆ. ಆ ಹಣವನ್ನು ಕೊಳ್ಳುವವಳು ಕಟ್ಟಿ, ಅದೇ ಬೆಲೆಗೆ ಕ್ರಯಪತ್ರ ಮಾಡಿಸಿಕೊಳ್ಳಬಹುದು. ಇಲ್ಲಿನ ಮೊತ್ತಗಳನ್ನು ಬರೆಯುವುದಿಲ್ಲ, ಅವು ಬೇರೆಯವರ ಮನೆಯ ವಿಷಯ. ಒಟ್ಟು ಬಾಕಿ ನೂರು ಎಂದುಕೊಳ್ಳಿ. ನನಗೆ ಹೊಂದಿಸಲು ಸಾಧ್ಯವೆನಿಸಿದ್ದು ಐವತ್ತೈದು. ಬ್ಯಾಂಕು ಎಂಬತ್ತಕ್ಕಿಂತ ಕೆಳಗಿಳಿಯಲು ತಯಾರಿರಲಿಲ್ಲ.

ನನ್ನ ಮೊದಲ ಅರ್ಜಿ ಪೂರ್ತಿ ಕಷ್ಟದ ಕತೆಯಾಗಿತ್ತು. ಮಾಲೀಕರ ಬೆನ್ನುನೋವು, ಖಾಲಿ ಕೋಣೆಗಳು, ಮಗಳ ಓದು. ಅಧಿಕಾರಿ ಎರಡೂ ಪುಟ ಓದಿ, ಮಡಿಚಿ, ನನ್ನ ಕೈಗೇ ಕೊಟ್ಟರು. ಆಂಧ್ರದ ಕರಾವಳಿಯವರು, ಎರಡು ವರ್ಷದಲ್ಲಿ ಕನ್ನಡ ಕಲಿತವರು, ಒರಟಲ್ಲ.

“ಮೇಡಂ, ನಂಗೆ ಬೇಜಾರಾಗುತ್ತೆ. ಬೇಜಾರಿಗೆ ನಮ್ಮ ಫಾರ್ಮ್‌ನಲ್ಲಿ ಕಾಲಂ ಇಲ್ಲ.”

ಎರಡನೆಯ ಸಲ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಅದೇ ರಸ್ತೆಯ ನಾಲ್ಕು ಕ್ರಯಪತ್ರಗಳ ನಕಲು ತೆಗೆಸಿ ಒಯ್ದೆ. ಎಕರೆಗೆ ಇಷ್ಟು, ಕಟ್ಟಡಕ್ಕೆ ಇಷ್ಟು, ಸವಕಳಿ ಕಳೆದರೆ ಇಷ್ಟು ಎಂದು ಪಟ್ಟಿ ಮಾಡಿದ್ದೆ. ಅರ್ಥಶಾಸ್ತ್ರ ಓದಿದ್ದಕ್ಕೆ ಸಾರ್ಥಕವಾಯಿತು ಎಂದು ಬಸ್ಸಿನಲ್ಲೇ ಖುಷಿಪಟ್ಟಿದ್ದೆ.

“ಚೆನ್ನಾಗಿದೆ,” ಎಂದರು ಅಧಿಕಾರಿ. “ಆದ್ರೆ ಇವುಗಳಲ್ಲಿ ಮರ ಇಲ್ಲ.”

“ಯಾವ ಮರ?”

ಅವರು ಸಾಲ ಕೊಡುವಾಗ ಮಾಡಿಸಿದ್ದ ಮೌಲ್ಯಮಾಪನದ ವರದಿಯನ್ನು ನನ್ನ ಕಡೆ ತಿರುಗಿಸಿದರು. ಕೊನೆಗೆ ಲಗತ್ತಿಸಿದ್ದ ಕೈಬರಹದ ಪಟ್ಟಿಯಲ್ಲಿ ಬೀಟೆ, ಹೊನ್ನೆ, ನಂದಿ, ಹಲಸು ಎಂದು ಸಾಲಾಗಿ ಹೆಸರು, ಎದುರಿಗೆ ಸುತ್ತಳತೆ. ಒಟ್ಟು ಬೆಲೆಯಲ್ಲಿ ಮೂರನೇ ಒಂದು ಭಾಗ ಮರಗಳದ್ದೇ. ಹರಾಜಿಗೆ ಯಾರೂ ಬಾರದಿದ್ದದ್ದು ಯಾಕೆಂದು ಆಗ ಗೊತ್ತಾಯಿತು. ಊರಿನವರು ಮನೆ ಮತ್ತು ಕಾಫಿ ನೋಡಿ ಬೆಲೆ ಕಟ್ಟುತ್ತಿದ್ದರು, ಬ್ಯಾಂಕು ಮರ ನೋಡಿ ಕಟ್ಟಿತ್ತು. ಈ ಕಡೆಯವರಿಗೆ ಮಾತ್ರ ಏನೋ ಗೊತ್ತಿತ್ತು. ಅದೇನೆಂದು ನನಗೆ ಹೊಳೆಯಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆ. ಆ ಜಮೀನಿನ ಪಹಣಿ ನನ್ನ ಚೀಲದಲ್ಲೇ ಇತ್ತು.

ಮರ ಎಷ್ಟು ಉಳಿದಿವೆ ನೋಡೋಣವೆಂದು ಚಿಕ್ಕಪ್ಪನನ್ನು ಕರೆದುಕೊಂಡು ಹೋದೆ. ಕುಶಾಲನಗರದ ಹತ್ತಿರದ ನಮ್ಮ ಊರಿನಿಂದ ಚಿಕ್ಕ ವಯಸ್ಸಿನಲ್ಲೇ ಈ ಕಡೆಗೆ ಬಂದು, ಕಾಫಿ ಎಸ್ಟೇಟೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಪಿಕ್ಕಿಂಗ್ ತೂಕ, ಮರದ ಲೆಕ್ಕ ಬರೆಯುವುದೇ ಅವರ ಕೆಲಸವಾಗಿತ್ತು. ಈಗ ನಿವೃತ್ತರು, ಗೋಣಿಕೊಪ್ಪಲಿನಲ್ಲಿ ನಮ್ಮ ಪಕ್ಕದ ಬೀದಿಯಲ್ಲೇ ಮನೆ.

ಪಟ್ಟಿಯ ನಕಲು ನನ್ನ ಕೈಯಲ್ಲಿತ್ತು. ಚಿಕ್ಕಪ್ಪ ಅದನ್ನು ಕೇಳಲೇ ಇಲ್ಲ. ಕಾಫಿ ಗಿಡಗಳ ನಡುವೆ ಮುಂದೆ ಮುಂದೆ ನಡೆಯುತ್ತ ಕೋಲಿನಿಂದ ತೋರಿಸಿದರು.

“ಇಲ್ಲೊಂದು ಬೀಟೆ. ಆ ಬಂಡೆ ಹಿಂದೆ ಇನ್ನೆರಡವೆ. ಒಂದು ಕವಲೊಡೆದಿರ್ಬೇಕು, ನೋಡು.”

ಕವಲೊಡೆದಿತ್ತು.

“ಇಲ್ಲಿಗೆ ಮುಂಚೆ ಬಂದಿದ್ರಾ ಚಿಕ್ಕಪ್ಪ?”

“ರೈಟರ್ ಕೆಲ್ಸ ಮಾಡ್ದೋನು ಕಣ್ ಮಗಾ. ಸುತ್ತಮುತ್ತ ಯಾವ್ ತೋಟ ಬಿಟ್ಟಿದೀನಿ ನಾನು? ಎಲ್ಲಿ, ಆ ಪಹಣಿ ಕೊಡು.”

ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು. ಕಾಗದವನ್ನು ತೋಳುದ್ದ ಹಿಡಿದು, ಒಂದು ಅಂಕಣಕ್ಕೆ ಉಗುರು ಒತ್ತಿ, ನಿಧಾನವಾಗಿ ಓದಿದರು. “ಅನ್‌ರಿಡೀಮ್ಡ್. ಎಂ.ಎ. ಮಾಡಿದೀಯ, ಊರ್ನೋರ ಕಾಗದ ಎಲ್ಲ ಓದ್ತೀಯ. ಇದನ್ನ ಓದ್ಲಿಲ್ವಾ?”

ಓದಿದ್ದೆ. ನೂರು ಪಹಣಿಗಳಲ್ಲಿ ಓದಿದ್ದೆ. ಓದಿ ಓದಿ ಕಣ್ಣು ಅದರ ಮೇಲೆ ನಿಲ್ಲುವುದನ್ನೇ ಬಿಟ್ಟಿತ್ತು.

ಕೊಡಗಿನ ಹೊರಗಿನವರಿಗೆ ಇದನ್ನು ಹೇಳಬೇಕು. ಇಲ್ಲಿ ಗದ್ದೆಗೆ ಸೇರಿದ ಏರುಜಾಗವನ್ನು ಬಾಣೆ ಎನ್ನುತ್ತಾರೆ. ಅದನ್ನು ಅನುಭವಿಸುವ ಹಕ್ಕು ಮನೆತನದ್ದು. ಆದರೆ ಅಲ್ಲಿ ತಾನಾಗಿ ಬೆಳೆದ ಮರಗಳ ಹಕ್ಕು ಸರ್ಕಾರದ್ದು. ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದ್ದರೆ ಆ ಜಮೀನು ರಿಡೀಮ್ಡ್, ಇಲ್ಲದಿದ್ದರೆ ಅನ್‌ರಿಡೀಮ್ಡ್. ಇಂಗ್ಲಿಷ್ ಗೊತ್ತಿಲ್ಲದ ಅಜ್ಜಿಯರೂ ಇಲ್ಲಿ ಈ ಎರಡು ಪದ ಬಳಸುತ್ತಾರೆ. ಮಾಲೀಕರ ಎರಡು ಎಕರೆಯೂ ಇಂಥ ಬಾಣೆಯೇ, ಅದನ್ನು ಅವರು ಬಿಡಿಸಿಕೊಂಡಿರಲಿಲ್ಲ. ಅಂದರೆ ಪಟ್ಟಿಯಲ್ಲಿದ್ದ ಬೀಟೆ, ಹೊನ್ನೆ, ನಂದಿ ಯಾವುದೂ ಅವರು ಅಡವಿಡಬಹುದಾದ ಸ್ವತ್ತೇ ಅಲ್ಲ. ಬ್ಯಾಂಕಿನ ಕೈಯಲ್ಲಿದ್ದದ್ದು ತೊಂಬತ್ತರ ಭದ್ರತೆಯಲ್ಲ, ಅರವತ್ತರದ್ದು.

ಮಾರನೆಯ ದಿನವೇ ಪಹಣಿ ಹಿಡಿದು ಅಧಿಕಾರಿಯ ಮುಂದೆ ನಿಂತೆ, ಅಥವಾ ಕೂತೆ.

“ಸರ್, ಈ ಪದ ನೋಡಿದ್ರಾ?”

“ನೋಡಿದೀನಿ ಮೇಡಂ. ಅನ್‌ರಿಡೀಮ್ಡ್. ಕರೆಕ್ಟಾಗೇ ಇದೆ.”

“ಹಾಗಂದ್ರೆ?”

“ಅಡಮಾನ ಬಿಡಿಸಿಕೊಂಡಿಲ್ಲ ಅಂತ. ಬಿಡಿಸಿಕೊಳ್ಳೋದು ಹೇಗೆ, ಲೋನ್ ನಮ್ಮತ್ರ ಇನ್ನೂ ಇದೆಯಲ್ಲ. ನೀವು ಕಟ್ಟಿದ ದಿನ ಅದು ರಿಡೀಮ್ಡ್ ಆಗುತ್ತೆ.”

ನಗಬಾರದೆಂದು ಕೆಳತುಟಿ ಕಚ್ಚಿದ್ದು ಡೈರಿಯಲ್ಲಿದೆ. ಅವರ ತಪ್ಪೇನಿರಲಿಲ್ಲ, ಬ್ಯಾಂಕಿನ ಭಾಷೆಯಲ್ಲಿ ಆ ಪದಕ್ಕೆ ಅದೇ ಅರ್ಥ. ಹೊರಗಿನಿಂದ ಬಂದ ಮೌಲ್ಯಮಾಪಕರೂ ಹಾಗೇ ಓದಿಕೊಂಡಿದ್ದರು. ನಾನು ಬಾಯಲ್ಲಿ ವಿವರಿಸಲು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿದೆ. ಈ ಮಾತು ಹೊರಗೆ ಬಿದ್ದರೆ ಯಾರಿಗೆ ಏನಾಗಬಹುದು ಎಂದು ಆಗಷ್ಟೇ ಹೊಳೆದಿತ್ತು. ತನ್ನದಲ್ಲದ ಮರ ತೋರಿಸಿ ಸಾಲ ಪಡೆದ ಎಂದು ಬ್ಯಾಂಕು ಮಾಲೀಕರ ಮೇಲೆ ದೂರು ಕೊಟ್ಟರೆ? ನನಗೆ ಅಗ್ಗವಾಗಿ ಸಿಗುವ ಆಸ್ತಿಗೆ ಅವರು ಪೊಲೀಸು ಠಾಣೆ ಸುತ್ತಬೇಕಾಗುತ್ತಿತ್ತು.

“ನಾಡಿದ್ದು ಬರ್ತೀನಿ ಸರ್,” ಎಂದು ಹೊರಟೆ. ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ನಿರ್ಧಾರ ಅದೊಂದೇ ಇರಬಹುದು. ಮೊದಲು ಮಾಲೀಕರಿಗೆ ಹೇಳುತ್ತೇನೆ, ಅವರು ಬೇಡವೆಂದರೆ ಕೈಬಿಡುತ್ತೇನೆ ಎಂದುಕೊಂಡೆ.

ಅವರು ಕಣದಲ್ಲಿ ಕಾಫಿ ಹರಡುತ್ತಿದ್ದರು. ಹೆಂಡತಿ ಮೊರದಲ್ಲಿ ಕಡ್ಡಿ ಆರಿಸುತ್ತಿದ್ದರು. ನಾನು ಹೇಳಿ ಮುಗಿಸಿದ ಮೇಲೂ ಮಾಲೀಕರು ಕಾಲಿನಿಂದ ಕಾಫಿ ಸರಿಸುತ್ತಲೇ ಇದ್ದರು.

“ಮರ ಎಣಿಸಿದ್ದು ನಾನಲ್ಲ ಮೇಡಂ,” ಎಂದರು ಕೊನೆಗೆ. “ವ್ಯಾಲ್ಯೂಯರ್ ಒಂದು ಪಟ್ಟಿ ಕೇಳಿದ್ರು. ಗೊತ್ತಿದ್ದವರೊಬ್ರು ಬರೆದುಕೊಟ್ರು. ಬೆಲೆ ಕಟ್ಟಿದ್ದು ವ್ಯಾಲ್ಯೂಯರ್. ನಾನು ಸೈನ್ ಹಾಕ್ದೆ, ಅಷ್ಟೆ.”

“ಅನ್‌ರಿಡೀಮ್ಡ್ ಅಂತ ನಿಮಗೆ ಗೊತ್ತಿತ್ತಲ್ಲ ಅಣ್ಣ?”

“ಗೊತ್ತಿತ್ತು. ಪಹಣಿ ಕೊಟ್ಟಿದ್ದೆನಲ್ಲ. ದೊಡ್ಡ ಬ್ಯಾಂಕು, ಓದಿಯೇ ಕೊಡ್ತಾ ಇದಾರೆ ಅಂದ್ಕೊಂಡೆ.” ಒಂದು ಹಿಡಿ ಕಾಫಿ ಎತ್ತಿ ನೋಡಿ, “ಅಂದ್ಕೊಳ್ಳೋದು ಸುಲಭ ಇತ್ತು,” ಎಂದರು.

ಹೆಂಡತಿ ಮೊರ ಕೆಳಗಿಟ್ಟರು. “ಹೇಳಿಬುಡಿ,” ಎಂದರು ಗಂಡನಿಗೆ ಅರೆಭಾಷೆಯಲ್ಲಿ. “ಮುಚ್ಚಿಡಿಕೆ ಇನ್ನ್ ಎಂತ ಉಟ್ಟು?” ಮುಚ್ಚಿಡಲು ಇನ್ನೇನಿದೆ ಎಂದು. ಆಮೇಲೆ ನನ್ನ ಕಡೆ ತಿರುಗಿ, “ಬಾಗಿಲಲ್ಲೇ ಅಂಟಿಸಿ ಹೋಗಿದಾರೆ ಮೇಡಂ. ಬಸ್ಸಿನವರೆಲ್ಲ ಓದ್ಕೊಂಡು ಹೋಗ್ತಾರೆ. ಇನ್ನು ನಾಚಿಕೆ ಪಡೋದು ಯಾರತ್ರ?” ಎಂದರು.

ಅಂದು ಅವರ ಮನೆಯಲ್ಲೇ ಕೂತು ಪತ್ರ ಬರೆದೆವು. ಅರ್ಜಿದಾರರು ಮಾಲೀಕರೇ. ಕೊಳ್ಳುವವಳು ನಾನೆಂದು ಅದರಲ್ಲೇ ಹೇಳಿತ್ತು. ಯಾರನ್ನೂ ದೂರದೆ ಮೂರೇ ಸಂಗತಿ ಬರೆದೆವು. ಸಾಲದ ದಿನದಿಂದ ಇಂದಿನವರೆಗೆ ಪಹಣಿ ಬದಲಾಗಿಲ್ಲ. ಅದರಲ್ಲಿನ ಪದಕ್ಕೆ ಕೊಡಗಿನ ಕಂದಾಯ ದಾಖಲೆಗಳಲ್ಲಿ ಇಂಥ ಅರ್ಥವಿದೆ. ಅದರಂತೆ ಮರಗಳನ್ನು ಬಿಟ್ಟು ಮರುಮೌಲ್ಯಮಾಪನ ಮಾಡಿಸಬೇಕೆಂದು ಕೋರಿಕೆ. ತಾಲ್ಲೂಕು ಕಚೇರಿಯಿಂದ ಹಳೆಯ ವರ್ಷಗಳ ಪಹಣಿಯ ದೃಢೀಕೃತ ನಕಲು ಪಡೆಯಲು ನಾಲ್ಕು ಸಲ ಓಡಾಡಿದೆ. ಪಹಣಿಯನ್ನು ಬ್ಯಾಂಕಿಗೆ ಆವತ್ತೇ ಕೊಟ್ಟಿದ್ದರು, ಯಾವುದನ್ನೂ ಬಚ್ಚಿಟ್ಟಿರಲಿಲ್ಲ ಎಂಬುದಕ್ಕೆ ಅದೇ ಆಧಾರ. ಇಲ್ಲಿ ಕಲಿತದ್ದನ್ನೇ ಹೊಸಬರಿಗೆ ಹೇಳುತ್ತೇನೆ. ಬ್ಯಾಂಕಿನ ಹತ್ತಿರ ಚೌಕಾಸಿ ಮಾಡಬೇಡಿ. ಅದರ ಕೈಯಲ್ಲಿರುವುದು ನಿಜಕ್ಕೂ ಏನು ಎಂದು ಅದಕ್ಕೆ ಓದಿ ಹೇಳಿ.

ಬ್ಯಾಂಕು ತನ್ನ ವಕೀಲರಿಗೆ ಬರೆಯಿತು. ವಕೀಲರು ಒಂದು ತಿಂಗಳು ಸುಮ್ಮನಿದ್ದರು. ಹೊಸ ಮೌಲ್ಯಮಾಪಕರು ಬಂದು ಬೀಟೆ ಮರಗಳನ್ನು ತಲೆಯೆತ್ತಿ ನೋಡಿ, ನಿಟ್ಟುಸಿರು ಬಿಟ್ಟು, ಏನೂ ಬರೆದುಕೊಳ್ಳದೆ ಮುಂದೆ ಹೋದರು. ಕೊನೆಗೆ ಒಪ್ಪಿಗೆ ಬಂತು. ಐವತ್ತೆಂಟು. ಹತ್ತನೇ ಒಂದು ಭಾಗ ವಾರದೊಳಗೆ, ಉಳಿದದ್ದು ತೊಂಬತ್ತು ದಿನದೊಳಗೆ. ಗಡುವು ತಪ್ಪಿದರೆ ಒಪ್ಪಂದ ರದ್ದು, ಮೊದಲು ಕಟ್ಟಿದ ಹಣ ಹಳೆಯ ಬಾಕಿಗೆ ಜಮೆ.

“ಈ ವರ್ಷ ನಂಗೆ ಒಂದು ಹೊಸ ಕನ್ನಡ ಪದ ಬಂತು ಮೇಡಂ,” ಎಂದರು ಅಧಿಕಾರಿ ಪತ್ರ ಕೊಡುತ್ತ.

“ಅದು ಇಂಗ್ಲಿಷ್ ಸರ್.”

“ಕೊಡಗಿನಲ್ಲಿ ಅಲ್ಲ.”

ಈಗ ದುಡ್ಡಿನ ಮಾತು. ಮೊದಲ ಕಂತಿನ ಆರು, ಅಂದರೆ ಗಡುವು ತಪ್ಪಿದರೆ ವಾಪಸು ಬಾರದ ಆ ಹಣ, ಚಿಕ್ಕಪ್ಪನದು. ನಾನು ಕೇಳಿರಲಿಲ್ಲ. ಒಪ್ಪಿಗೆ ಬಂದ ಸಂಜೆ ಅವರೇ ಚೆಕ್ ಬರೆದು ತಂದರು. ಬಡ್ಡಿಯ ಮಾತೆತ್ತಿದರೆ, “ಸುಮ್ನಿರು, ಕಾಫಿ ಕೊಡು,” ಎಂದರು. ನನ್ನ ಉಳಿತಾಯ ಹನ್ನೆರಡು. ಕುಶಾಲನಗರದ ಹತ್ತಿರ ನನ್ನ ಪಾಲಿಗೆ ಬಂದಿದ್ದ ಜಮೀನಿನ ಮೇಲೆ ಸಹಕಾರ ಸಂಘದಲ್ಲಿ ಹದಿನೆಂಟು ಸಾಲ. ಉಳಿದ ಇಪ್ಪತ್ತೆರಡಕ್ಕೆ ಭೋಗ್ಯ.

ಭೋಗ್ಯವೆಂದರೆ ಬಾಡಿಗೆಯ ಬದಲು ದೊಡ್ಡ ಮೊತ್ತವನ್ನು ಮುಂಗಡ ಕೊಟ್ಟು ವರ್ಷಗಟ್ಟಲೆ ಇರುವುದು, ಬಿಡುವಾಗ ಅದೇ ಮೊತ್ತ ವಾಪಸು. ಮನೆಗೆ ಮಾಡುವುದನ್ನು ನಾನು ಹೋಂಸ್ಟೇಗೆ ಮಾಡಿದೆ. ಕಾಲೇಜು ಹುಡುಗಿಯರಿಗೆ ಹಾಸ್ಟೆಲ್ ನಡೆಸುತ್ತಿದ್ದ ಒಬ್ಬರು ದೊಡ್ಡ ಕಟ್ಟಡ ಹುಡುಕುತ್ತಿದ್ದರು. ಮಾಕುಟ್ಟದ ಗಡಿಯ ಆಚೆ, ಕೇರಳದಿಂದ ಬಂದು ಇಲ್ಲಿ ನೆಲೆಸಿದವರು. ಅವರ ಮಗಳಿಗೆ ನಾನು ಹಿಂದೆ ಪಾಠ ಮಾಡಿದ್ದರಿಂದ ನನ್ನನ್ನು ಟೀಚರ್ ಎಂದೇ ಕರೆಯುತ್ತಾರೆ. ಎಂಟು ಕೋಣೆ, ಬಸ್ಸು ನಿಲ್ಲುವ ಜಾಗ, ಐದು ವರ್ಷ. ಮಾತು ಆಯಿತು.

ಗಡುವಿಗೆ ನಲವತ್ತು ದಿನ ಇರುವಾಗ ಅವರು ಫೋನು ಮಾಡಿದರು.

“ಟೀಚರೇ, ನಾನು ಜಾಗ ನೋಡ್ಲಿಕ್ಕೆ ಹೋಗಿದ್ದೆ. ಬಾಗಿಲ ಮೇಲೆ ಅಂಟಿಸಿದ್ದು ಓದಿದೆ. ನೀವು ನಂಗೆ ಹೇಳ್ಲಿಲ್ಲ.”

“ಬ್ಯಾಂಕಿನ ಮೂಲಕ ಕೊಳ್ತಿದೀನಿ ಅಂತ ಹೇಳಿದ್ನಲ್ಲ ಚೇಚಿ.”

“ಬ್ಯಾಂಕು ಅಂತ ಹೇಳಿದ್ರಿ. ನೋಟಿಸು ಅಂತ ಹೇಳ್ಲಿಲ್ಲ. ಇನ್ನೂ ನಿಮ್ಮದಾಗದ ಮನೆಗೆ ನಾನು ದುಡ್ಡು ಕೊಡ್ಬೇಕಾ? ನಂಗೆ ಬೇಡ ಟೀಚರೇ.”

ಅವರ ಮಾತು ಸರಿಯಿತ್ತು. ಆ ವಾರ ಡೈರಿಯಲ್ಲಿ ಒಂದೇ ಸಾಲು ಇದೆ: ‘ಚಿಕ್ಕಪ್ಪನ ಹಣ ಹೋಯಿತು.’ ಇನ್ನೊಬ್ಬರನ್ನು ಹುಡುಕುವುದೋ, ಬಡ್ಡಿಗೆ ತರುವುದೋ ಎಂದು ಎರಡು ದಿನ ಒದ್ದಾಡಿ, ಮೂರನೆಯ ದಿನ ಅವರ ಅಡುಗೆಮನೆಗೇ ಹೋಗಿ ಎಲ್ಲ ಕಾಗದ ಹರಡಿದೆ. ನೋಟಿಸು, ಒಟಿಎಸ್ ಪತ್ರ, ಪಹಣಿ ಎಲ್ಲವನ್ನೂ. ಅವರ ಹಣ ನನ್ನ ಕೈಗೆ ಬರುವುದೇ ಬೇಡ. ನೋಂದಣಿಯ ದಿನ ಬೆಳಿಗ್ಗೆ ನೇರವಾಗಿ ಬ್ಯಾಂಕಿನ ಸಾಲದ ಖಾತೆಗೆ ಕಟ್ಟಲಿ, ಅಂದೇ ಕ್ರಯಪತ್ರ, ಅದರ ಬೆನ್ನಿಗೇ ಅವರ ಭೋಗ್ಯಪತ್ರವೂ ನೋಂದಣಿಯಾಗಲಿ. ಇದನ್ನು ಬ್ಯಾಂಕಿನ ಅಧಿಕಾರಿಯ ಬಾಯಿಂದಲೇ ಕೇಳಲಿ ಎಂದೆ. ಅವರು ಮೀನು ತೊಳೆಯುತ್ತಿದ್ದರು. ಕೈ ಒರೆಸಿಕೊಂಡು ಪ್ರತಿ ಕಾಗದದ ಹಿಂದೆ ಮುಂದೆ ನೋಡಿದರು.

“ಇದನ್ನು ಮೊದಲೇ ತೋರಿಸಿದ್ರೆ ನಾನು ಎರಡು ದಿನ ನಿದ್ದೆ ಮಾಡ್ತಿದ್ದೆ,” ಎಂದರು. ನಾನೂ.

ಮಾಲೀಕರಿಗೆ ಏನು ಉಳಿಯಿತು ಎಂದು ಕೇಳುವವರಿದ್ದಾರೆ. ಬ್ಯಾಂಕು ಬಾಕಿ ಬಿಟ್ಟುಕೊಡುವಾಗ ಮಾರುವವರ ಜೇಬಿಗೆ ಗುಟ್ಟಾಗಿ ಹಣ ಹೋಗಬಾರದು. ನಡುವೆ ಒಂದು ದಿನ ಮಾಲೀಕರು, “ಕಾಗದದಲ್ಲಿ ಬರೀದೆ ಸ್ವಲ್ಪ ಏನಾದ್ರೂ...” ಎಂದು ಶುರುಮಾಡಿ, ಹೆಂಡತಿಯ ಮುಖ ನೋಡಿ ನಿಲ್ಲಿಸಿದ್ದರು. ಬದಲಿಗೆ ಬ್ಯಾಂಕಿಗೆ ಬರೆದು ಒಪ್ಪಿಗೆ ಪಡೆದದ್ದು ಎರಡು. ಮುಂದಿನ ಕೊಯ್ಲಿನ ಕಾಫಿ ಅವರದು. ಹೋಂಸ್ಟೇಯ ಎಂಟಕ್ಕೆ ಸೇರದ, ಹಿಂಭಾಗದ ಎರಡು ಕೋಣೆಯಲ್ಲಿ ಮೂರು ವರ್ಷ ಅವರು ಬಾಡಿಗೆ ಕರಾರಿನ ಮೇಲೆ ಇರಬಹುದು. ಮೂರನೆಯದು ನಾನು ಯೋಚಿಸಿರಲೇ ಇಲ್ಲ. ಹಾಸ್ಟೆಲಿಗೆ ಅಡುಗೆಯವರು ಬೇಕಿತ್ತು. ಮಾಲೀಕರ ಹೆಂಡತಿ ತಾವೇ ಹೋಗಿ ಸಂಬಳ ಮಾತಾಡಿಕೊಂಡು ಬಂದರು.

ಗಡುವಿಗೆ ಆರು ದಿನ ಇರುವಾಗ ಎಲ್ಲ ಮುಗಿಯಿತು. ಬೆಳಿಗ್ಗೆ ಹಣ ಕಟ್ಟಿದೆವು, ಮಧ್ಯಾಹ್ನದೊಳಗೆ ಬಾಕಿ ಇಲ್ಲವೆಂಬ ಪತ್ರ ಬಂತು, ಮೂಲ ದಾಖಲೆಗಳ ಕಟ್ಟು ನನ್ನ ಮಡಿಲಿಗೆ ಬಂತು. ಸಂಜೆ ಮಾಲೀಕರ ಹೆಂಡತಿ ಬಿಸಿನೀರು, ತೆಂಗಿನ ನಾರು ತಂದು ಬಾಗಿಲಿನ ನೋಟಿಸನ್ನು ಉಜ್ಜಿ ತೆಗೆದರು. ನಾನು ಸಹಾಯಕ್ಕೆ ಹೋದರೆ, “ಇದು ನನ್ನ ಕೆಲಸ,” ಎಂದರು. ಅಲ್ಲಿ ನಿಂತು ನೋಡುವಾಗ ಎದೆಯುಬ್ಬಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ನೂರು ಬಾಕಿಯಿದ್ದ ಮನುಷ್ಯ ಅಂದು ಯಾರಿಗೂ ಏನೂ ಕೊಡಬೇಕಿರಲಿಲ್ಲ. ಬ್ಯಾಂಕಿಗೆ ಮೂರನೆಯ ಹರಾಜಿನಲ್ಲಿ ಹುಟ್ಟದ ಹಣ ಹುಟ್ಟಿತ್ತು. ಮನೆ ನನ್ನದಾಗಿತ್ತು. ಒಂದೇ ಒಂದು ಸುಳ್ಳು ಬರೆಯದೆ ಇದೆಲ್ಲ ಆಗಿತ್ತು.

ಈಗ ಅಲ್ಲಿ ಹದಿನೆಂಟು ಹುಡುಗಿಯರಿದ್ದಾರೆ. ಬೀಟೆ ಮರಗಳು ಸರ್ಕಾರದ್ದೇ. ಅವುಗಳಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾರೆ.

ಕಳೆದ ತಿಂಗಳು ಆ ಮೂಲ ದಾಖಲೆಗಳ ಕಟ್ಟು ಬಿಚ್ಚಿದೆ. ಹಳೆಯ ವರದಿ, ಕೊನೆಗೆ ಮರಗಳ ಪಟ್ಟಿ. ಬ್ಯಾಂಕಿನಲ್ಲಿ ಅದನ್ನು ಅವಸರದಲ್ಲಿ ನೋಡಿದ್ದೆ, ಆಮೇಲೆ ನನ್ನ ಕೈಲಿದ್ದದ್ದು ಮಸುಕಾದ ನಕಲು. ಈಗ ನೀಲಿ ಶಾಯಿ ಸ್ಪಷ್ಟವಾಗಿತ್ತು. ಪ್ರತಿ ಏಳರ ಅಂಕಿಯ ನಡುವಿಗೂ ಚಿಕ್ಕ ಅಡ್ಡಗೆರೆ. ಹಾಜರಿ ಪುಸ್ತಕದಲ್ಲಿ ಒಂದು, ಏಳು ಅದಲುಬದಲಾಗಿ ಯಾರ ಕೂಲಿಯೂ ತಪ್ಪಬಾರದೆಂದು ಚಿಕ್ಕಪ್ಪ ಏಳಕ್ಕೆ ಗೆರೆ ಎಳೆಯುತ್ತಿದ್ದರು, ಚಿಕ್ಕವಳಿದ್ದಾಗ ನನಗೂ ಹಾಗೇ ಕಲಿಸಿದ್ದರು ಎಂದು ನನ್ನ ನೆನಪು. ಆದರೆ ಕುರ್ಚಿಯ ವಿಷಯದಲ್ಲಿ ಎಡವಿದ ನೆನಪು ಅದು. ಅಡ್ಡಗೆರೆಯ ಏಳನ್ನು ಎಷ್ಟೋ ಜನ ಬರೆಯುತ್ತಾರೆ. ಬಂಡೆಯ ಹಿಂದಿನ ಕವಲೊಡೆದ ಬೀಟೆ ಎಷ್ಟು ಜನಕ್ಕೆ ಗೊತ್ತಿತ್ತೋ.

ಪಟ್ಟಿಯನ್ನು ಚಿಕ್ಕಪ್ಪನ ಮನೆಗೆ ಒಯ್ದೆ. ಅವರು ಜಗಲಿಯಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಕನ್ನಡಕ ಹಾಕಿಕೊಂಡೇ ಇದ್ದರು. ಪಟ್ಟಿಯನ್ನು ನೋಡಿದರು, ಮಡಿಚಿ ನನ್ನ ಪಕ್ಕ ಇಟ್ಟರು, ಅರ್ಧ ಹಣ್ಣು ನನ್ನ ಕೈಗೆ ಕೊಟ್ಟರು.

ಪಟ್ಟಿ ಬರೆದದ್ದು ಯಾರೆಂದು ನಾನು ಕೇಳಲಿಲ್ಲ. ಕೇಳಿದ್ದು ಬೇರೆ. ಅದಾಗಿ ತಿಂಗಳಾಯಿತು, ದಿನಾ ಸಿಗುತ್ತಾರೆ, ಕರಿಮೆಣಸಿನ ರೇಟು ಹೇಳುತ್ತಾರೆ, ಇದಕ್ಕೆ ಮಾತ್ರ ಉತ್ತರ ಬಂದಿಲ್ಲ.

“ಚಿಕ್ಕಪ್ಪ, ಆ ಮೊದಲ ಕಂತು ನೀವು ಕಟ್ಟಿದ್ದು ನನಗೋಸ್ಕರಾನಾ, ಆ ಮರಗಳಿಗೋಸ್ಕರಾನಾ?”